ಬದನೆಯ ಹೊಳಪು, ಹಲಸಿನ ಮುಳ್ಳು: ಲೇಬಲ್ಲಿನ ಅಕ್ಷರಕ್ಕೆ ನಮ್ಮದೇ ಮೆರುಗು

ಬೆಳೆದದ್ದನ್ನು ನಾವೇ ಬಾಟ್ಲಿಗೆ ತುಂಬಿಸಿ ಮಾರಲು ಹೊರಟರೆ ಮೊದಲು ಎದುರಾಗುವ ತಾಪತ್ರಯ ಲೇಬಲ್ಲಿನದು. ಜೇನು ಇರಲಿ, ಪುನರ್ಪುಳಿ ಸಿರಪ್ ಇರಲಿ, ಗಾಣದ ತೆಂಗಿನೆಣ್ಣೆ ಇರಲಿ. ಒಳಗಿನ ಸರಕು ಎಷ್ಟೇ ಚೊಕ್ಕವಾಗಿದ್ದರೂ ಅಂಗಡಿಯಲ್ಲಿ ಗಿರಾಕಿಯ ಕಣ್ಣಿಗೆ ಮೊದಲು ಬೀಳುವುದು ಹೊರಗೆ ಅಂಟಿಸಿದ ಕಾಗದ. ಪಕ್ಕದಲ್ಲೇ ದೊಡ್ಡ ಕಂಪೆನಿಯ ಬಾಟ್ಲಿ ಮಿರಮಿರ ಮಿಂಚುತ್ತಿರುತ್ತದೆ. ನಮ್ಮದು ಮಂಕು.

ಹಾಗಂತ ಪೇಟೆಯ ಡಿಸೈನ್ ಅಂಗಡಿಗೆ ಹೋದರೆ ಇನ್ನೊಂದು ಬಗೆಯ ಪಜೀತಿ. ನನ್ನ ತುಡುವೆ ಜೇನಿಗೆ ಒಂದು ಕಡೆ ಲೇಬಲ್ ಮಾಡಿಸಿದ್ದೆ. ಅಕ್ಷರಕ್ಕೆ ಚಿನ್ನದ ಬಣ್ಣ, ಅದರ ಮೇಲೆ ಬೆಳ್ಳಿಯ ಅಂಚು, ಸುತ್ತ ಬೆಳಕಿನ ಪ್ರಭಾವಳಿ. ನೋಡಿದ ನೆಂಟರೊಬ್ಬರು "ಇದೆಂತದು, ಶಾಂಪೂವಾ?" ಅಂತ ಕೇಳಿದರು. ತೂಕ ಬದಲಿಸಬೇಕೆಂದಾಗ ಮತ್ತೆ ದುಡ್ಡು. ಮೂಲ ಫೈಲು ಕೊಡಿ ಎಂದರೆ ಕೊಡಲಿಲ್ಲ. ಆಮೇಲೆ ಈ ಕೆಲಸವನ್ನು ಮನೆಯ ಕಂಪ್ಯೂಟರಿನಲ್ಲೇ ಕಲಿತೆ. ಅಡಿಕೆ ಸುಲಿಯಲು ಕಲಿತವರಿಗೆ ಇದೇನೂ ಕಷ್ಟದ್ದಲ್ಲ. ಬೇಕಾದದ್ದು ಒಂದೆರಡು ಮಳೆಗಾಲದ ಸಂಜೆ, ಅಷ್ಟೇ.

ಹೊಳಪು ಅಂದ್ರೆ ಏನು?

ತಂತ್ರಾಂಶ ತೆರೆಯುವ ಮೊದಲು ತರಕಾರಿ ಬುಟ್ಟಿ ನೋಡಿ. ಒಂದು ಬದನೆಕಾಯಿಯನ್ನು ಕಿಟಕಿಯ ಹತ್ತಿರ ಹಿಡಿಯಿರಿ. ಅದು ನೇರಳೆ ಅಂತ ನಾವು ಹೇಳುತ್ತೇವೆ. ನಿಜಕ್ಕೂ ಅದರಲ್ಲಿ ಬಣ್ಣ ಒಂದಲ್ಲ. ಬೆಳಕಿನ ಕಡೆಗೆ ತಿಳಿ ನೇರಳೆ, ಆಚೆಗೆ ಬರಬರುತ್ತ ಕಪ್ಪಿಗೆ ಹತ್ತಿರ. ಮೇಲ್ಗಡೆ ಉದ್ದಕ್ಕೆ ಒಂದು ಬಿಳಿ ಗೆರೆ. ಆ ಗೆರೆಯಲ್ಲಿ ನೇರಳೆಯೇ ಇಲ್ಲ, ಕಿಟಕಿಯ ಬೆಳಕು ಕನ್ನಡಿಯಲ್ಲಿ ಕಂಡ ಹಾಗೆ ಕಾಣುತ್ತದೆ. ನುಣುಪಾದ ಮೈ ಬೆಳಕನ್ನು ಒಂದೇ ಕಡೆಗೆ ಹಿಂತಿರುಗಿಸುತ್ತದೆ. ಒರಟು ಮೈ ಎಲ್ಲ ಕಡೆಗೂ ಚೆಲ್ಲಿಬಿಡುತ್ತದೆ. ಆದ್ದರಿಂದಲೇ ಬದನೆಗೆ ಬಿಳಿ ಗೆರೆ ಇದೆ, ಮಣ್ಣು ಮೆತ್ತಿದ ಸುವರ್ಣಗಡ್ಡೆಗೆ ಇಲ್ಲ.

ಈಗ ಹಲಸಿನಕಾಯಿ ನೋಡಿ. ಅಲ್ಲಿ ಒಂದು ದೊಡ್ಡ ಹೊಳಪು ಇಲ್ಲ. ಪ್ರತಿ ಮುಳ್ಳಿಗೂ ಒಂದು ಬದಿ ಬೆಳಕು, ಇನ್ನೊಂದು ಬದಿ ನೆರಳು. ಇಂಥ ನೂರಾರು ಸಣ್ಣ ಬೆಳಕು ನೆರಳು ಸೇರಿದಾಗ ಕಣ್ಣು "ಒರಟು" ಎನ್ನುತ್ತದೆ, ಮುಟ್ಟದೆಯೇ. ಇದೇ ಟೆಕ್ಸ್ಚರ್. ನಮ್ಮ ಮಾತಿನಲ್ಲಿ ಮೈವಳಿಕೆ ಎನ್ನೋಣ.

ಕಂಪ್ಯೂಟರಿನಲ್ಲಿ ಅಕ್ಷರಕ್ಕೆ ಮೆರುಗು ಕೊಡುವುದೆಂದರೆ ಇಷ್ಟನ್ನೇ ಚಿತ್ರಿಸುವುದು. ನಾಲ್ಕು ಪದರ ಸಾಕು: ತಿಳಿಯಿಂದ ಗಾಢಕ್ಕೆ ಇಳಿಯುವ ಬಣ್ಣ, ಅದರ ಮೇಲೆ ಮೈವಳಿಕೆ, ಅದರ ಮೇಲೆ ಬಿಳಿ ಹೊಳಪು, ಎಲ್ಲದರ ಕೆಳಗೆ ನೆರಳು. ಮತ್ತೊಂದು ನಿಯಮ ಮರೆಯಬಾರದು. ಬೆಳಕು ಒಂದೇ ಕಡೆಯಿಂದ ಬರಬೇಕು. ಎಡ ಮೇಲಿನ ಮೂಲೆ ಅಂತ ಇಟ್ಟುಕೊಂಡರೆ ಹೊಳಪು ಮೇಲ್ಗಡೆ, ನೆರಳು ಬಲ ಕೆಳಗೆ. ಹೊಳಪು ಮೇಲೆ ಇದ್ದು ನೆರಳೂ ಮೇಲೇ ಬಿದ್ದರೆ ಏನೋ ಸರಿಯಿಲ್ಲ ಅಂತ ಅನಿಸುತ್ತದೆ, ಯಾಕೆ ಅಂತ ಗೊತ್ತಾಗುವುದಿಲ್ಲ.

ಯಾವ ತಂತ್ರಾಂಶ?

ಡಿಸೈನ್ ಅಂಗಡಿಗಳಲ್ಲಿ ಇರುವುದು ಹೆಚ್ಚಾಗಿ ಫೋಟೋಶಾಪ್. 1990ರಲ್ಲಿ ಬಂದದ್ದು. 1998ರ 5.0 ಆವೃತ್ತಿಯಲ್ಲಿ ಪದರಕ್ಕೆ ನೆರಳು, ಉಬ್ಬು ಇತ್ಯಾದಿ ಕೊಡುವ ಸೌಲಭ್ಯ ಅದರೊಳಗೇ ಸೇರಿತು. ಆದರೆ ಅದಕ್ಕೆ ಈಗ ಬಾಡಿಗೆಯಂತೆ ಹಣ ಕಟ್ಟುತ್ತಿರಬೇಕು. ವರ್ಷಕ್ಕೆ ಒಂದೆರಡು ಲೇಬಲ್ ಮಾಡುವ ನಮಗೆ ಅದು ತೆಂಗಿನಕಾಯಿ ಕೀಳಲು ಕ್ರೇನ್ ತಂದ ಹಾಗೆ.

ನಾನು ಬಳಸುವುದು ಗಿಂಪ್. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್, 1995ರಲ್ಲಿ ಶುರು ಮಾಡಿದ್ದು. 1996ರಲ್ಲಿ ಜನರ ಕೈಗೆ ಬಂತು. ಪೂರ್ತಿ ಉಚಿತ, ಯಾರೂ ಇಳಿಸಿಕೊಳ್ಳಬಹುದು, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತದೆ. 2025ರ ಮಾರ್ಚಿನಲ್ಲಿ 3.0 ಆವೃತ್ತಿ ಬಂದಿದೆ. ಇದರಲ್ಲಿ ಅಕ್ಷರಕ್ಕೆ ನೆರಳು ಕೊಟ್ಟ ಮೇಲೂ ಅಕ್ಷರವನ್ನು ತಿದ್ದಬಹುದು. ಹಳೆಯ ಆವೃತ್ತಿಗಳಲ್ಲಿ ನೆರಳು ಕೊಟ್ಟರೆ ಅಕ್ಷರ ಚಿತ್ರವಾಗಿ ಹೆಪ್ಪುಗಟ್ಟುತ್ತಿತ್ತು. ಆದ್ದರಿಂದ ಹೊಸದನ್ನೇ ಹಾಕಿಕೊಳ್ಳಿ.

ಮೊದಲು ಕನ್ನಡ ಅಕ್ಷರದ ಸಂಗತಿ

ಇಂಗ್ಲಿಷ್ ಅಕ್ಷರಕ್ಕೆ ಮಾಡುವ ಕಸರತ್ತನ್ನು ಹಾಗೇ ಕನ್ನಡಕ್ಕೆ ಮಾಡಿದರೆ ಕೆಡುತ್ತದೆ. ನಮ್ಮಲ್ಲಿ ದ, ಧ, ಥ ಇವುಗಳ ನಡುವಿನ ವ್ಯತ್ಯಾಸ ಒಂದು ಸಣ್ಣ ಸೀಳು, ಒಂದು ಚುಕ್ಕೆ. ಪ ಮತ್ತು ಫ ಸಹ ಹಾಗೆಯೇ. ಒತ್ತಕ್ಷರವಂತೂ ಇನ್ನೂ ಸಣ್ಣದು. ದಪ್ಪ ಅಂಚು, ಉಬ್ಬು ಎಲ್ಲ ಕೊಟ್ಟಾಗ ಈ ಸೀಳು ಮುಚ್ಚಿಹೋಗುತ್ತದೆ. "ಶುದ್ಧ" ಅಂತ ಬರೆದದ್ದು "ಶುದ್ದ" ಆಗುತ್ತದೆ. ಶುದ್ಧವೆಂಬ ಶಬ್ದವೇ ಅಶುದ್ಧವಾದರೆ ಗಿರಾಕಿ ಒಳಗಿನ ಜೇನನ್ನು ಹೇಗೆ ನಂಬಬೇಕು?

ಆದ್ದರಿಂದ ದಪ್ಪ ಮೈಯ, ಹೊಟ್ಟೆ ಅಗಲವಾದ ಅಕ್ಷರ ಬೇಕು. ಬಲೂ ತಮ್ಮ ಎಂಬ ಫಾಂಟ್ ಉರುಟಾಗಿದೆ, ದಪ್ಪವಿದೆ, ಉಚಿತ. ಜೇನು, ಬೆಲ್ಲದಂಥ ಸಿಹಿ ಸರಕಿಗೆ ಒಪ್ಪುತ್ತದೆ. ನೋಟೋ ಸಾನ್ಸ್ ಕನ್ನಡದಲ್ಲಿ ತೆಳುವಿನಿಂದ ಅತಿ ದಪ್ಪದವರೆಗೆ ಹಲವು ಬಗೆಗಳಿವೆ, ಅದೂ ಉಚಿತ. ಎರಡೂ ಯುನಿಕೋಡ್.

ಈ ಯುನಿಕೋಡ್ ಯಾಕೆ ಮುಖ್ಯ? ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿಟ್ಟ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಾಗದ ಚಿಹ್ನೆಗಳು ಬರುತ್ತವೆ. ಯುನಿಕೋಡ್‌ನಲ್ಲಿ ಫಾಂಟ್ ಬದಲಾದರೂ ಕನ್ನಡ ಕನ್ನಡವಾಗಿಯೇ ಉಳಿಯುತ್ತದೆ. ಗಿಂಪ್ ಒತ್ತಕ್ಷರಗಳನ್ನು ಸರಿಯಾಗಿ ಕೂರಿಸುತ್ತದೆ. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆಯನ್ನು ಹಾಕದಿದ್ದರೆ "ತುಪ್ಪ"ದ ಒತ್ತು ಬೇರೆಯಾಗಿ ಪಕ್ಕದಲ್ಲಿ ನಿಲ್ಲುತ್ತದೆ. ಪ್ರೆಸ್ಸಿಗೆ ಕೊಡುವಾಗ ಇದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ.

ಮಾಡುವ ಕ್ರಮ

"ಜೇನುತುಪ್ಪ" ಎಂಬ ಶಬ್ದವನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಲೇಬಲ್ 3 ಇಂಚು ಅಗಲ, 4 ಇಂಚು ಎತ್ತರ.

1. ಹಾಳೆ: ಫೈಲ್ ಮೆನುವಿನಲ್ಲಿ ನ್ಯೂ. ಮುದ್ರಣಕ್ಕೆ ಇಂಚಿಗೆ 300 ಚುಕ್ಕೆ ಬೇಕು. 3 ಇಂಚಿಗೆ 900, 4 ಇಂಚಿಗೆ 1200. ಕತ್ತರಿಸುವಾಗ ಹೆಚ್ಚುಕಡಿಮೆ ಆಗುವುದಕ್ಕೆ ಸುತ್ತ 3 ಮಿಲಿಮೀಟರ್ ಬಿಡಿ. ಆಗ 970ಕ್ಕೆ 1270 ಪಿಕ್ಸೆಲ್. ರೆಸಲ್ಯೂಶನ್ ಜಾಗದಲ್ಲಿ 300 ಹಾಕಿ. ಮೊಬೈಲಿನಿಂದ ಬಂದ ಸಣ್ಣ ಚಿತ್ರವನ್ನು ಎಳೆದು ದೊಡ್ಡದು ಮಾಡುವ ಉಪದ್ವ್ಯಾಪ ಬೇಡ, ಮುದ್ರಣದಲ್ಲಿ ಮಸುಕಾಗುತ್ತದೆ.

2. ಅಕ್ಷರ: ಟೆಕ್ಸ್ಟ್ ಉಪಕರಣ ತೆಗೆದು ಬರೆಯಿರಿ. ಗಾತ್ರ 200 ಪಿಕ್ಸೆಲ್‌ನಿಂದ ಶುರು ಮಾಡಿ, ಅಗಲ ನೋಡಿಕೊಂಡು ಹೆಚ್ಚುಕಡಿಮೆ ಮಾಡಿ. ಅಕ್ಷರಗಳ ನಡುವೆ ತುಸು ಜಾಗ ಹೆಚ್ಚಿಸಿ, ನೆರಳು ಬಿದ್ದಾಗ ಒಂದಕ್ಕೊಂದು ಅಂಟಿಕೊಳ್ಳಬಾರದು. ಈ ಪದರದ ನಕಲು ಒಂದನ್ನು ಮಾಡಿ, ಕಣ್ಣಿನ ಗುರುತು ತೆಗೆದು ಅಡಗಿಸಿಡಿ. ಬೀಜಕ್ಕೆ ಇಟ್ಟುಕೊಂಡ ಹಾಗೆ.

3. ಬಣ್ಣ: ಕಲ್ಪಿಸಿ ಹಾಕುವುದು ಬೇಡ. ನಿಮ್ಮದೇ ಜೇನಿನ ಬಾಟ್ಲಿಯನ್ನು ಹಗಲು ಬೆಳಕಿನಲ್ಲಿ ಫೋಟೋ ತೆಗೆದು ಗಿಂಪಿನಲ್ಲಿ ತೆರೆಯಿರಿ. ಕಲರ್ ಪಿಕರ್‌ನಿಂದ ಜೇನಿನ ತಿಳಿ ಭಾಗವನ್ನು ಒಂದು ಸಲ, ಗಾಢ ಭಾಗವನ್ನು ಒಂದು ಸಲ ಆರಿಸಿ. ಅಕ್ಷರದ ಪದರದ ಮೇಲೆ ಬಲ ಗುಂಡಿ ಒತ್ತಿ "ಆಲ್ಫಾ ಟು ಸೆಲೆಕ್ಷನ್" ಕೊಡಿ. ಅಕ್ಷರದ ಸುತ್ತ ಇರುವೆ ಸಾಲಿನ ಹಾಗೆ ಗೆರೆ ಓಡುತ್ತದೆ. ಇನ್ನು ನೀವು ಏನು ಬಳಿದರೂ ಆ ಬೇಲಿಯೊಳಗೇ ಬೀಳುತ್ತದೆ. ಮೇಲೆ ಹೊಸ ಖಾಲಿ ಪದರ ಸೇರಿಸಿ, ಗ್ರೇಡಿಯೆಂಟ್ ಉಪಕರಣದಿಂದ ಮೇಲಿನಿಂದ ಕೆಳಕ್ಕೆ ಎಳೆಯಿರಿ. ಮೇಲೆ ತಿಳಿ, ಕೆಳಗೆ ಗಾಢ.

4. ಮೈವಳಿಕೆ: ಜೇನು ಎರಿಯ ಫೋಟೋ ಇದ್ದರೆ ಒಳ್ಳೆಯದು. ಬೆಲ್ಲಕ್ಕಾದರೆ ಬೆಲ್ಲದಚ್ಚಿನ ಒಡೆದ ಮೈ, ಅಕ್ಕಿಗಾದರೆ ಗೋಣಿ, ಎಣ್ಣೆಗಾದರೆ ಮರದ ಗಾಣದ ಹಲಗೆ. ಬಿಸಿಲು ಓರೆಯಾಗಿ ಬೀಳುವ ಬೆಳಿಗ್ಗೆ ಅಥವಾ ಸಂಜೆ ತೆಗೆಯಿರಿ, ಮೈಯ ಉಬ್ಬು ತಗ್ಗು ಚೆನ್ನಾಗಿ ಎದ್ದು ಬರುತ್ತದೆ. ಮಧ್ಯಾಹ್ನ ನೆತ್ತಿಯ ಬಿಸಿಲಿನಲ್ಲಿ ಎಲ್ಲ ಚಪ್ಪಟೆ. ಮೊದಲು ಸೆಲೆಕ್ಟ್ ಮೆನುವಿನಿಂದ ಹಳೆಯ ಬೇಲಿ ತೆಗೆಯಿರಿ. "ಓಪನ್ ಆ್ಯಸ್ ಲೇಯರ್ಸ್" ಮೂಲಕ ಫೋಟೋ ತಂದು, ಬಣ್ಣದ ಪದರದ ಮೇಲೆ ಇಟ್ಟು, ಡಿಸ್ಯಾಚುರೇಟ್ ಮಾಡಿ ಕಪ್ಪು ಬಿಳುಪು ಮಾಡಿಕೊಳ್ಳಿ. ಫೋಟೋ ಇಡೀ ಶಬ್ದವನ್ನು ಮುಚ್ಚುವಷ್ಟು ಅಗಲವಿರಲಿ. ಪುನಃ ಅಕ್ಷರದ ಪದರದಿಂದ ಬೇಲಿ ಹಾಕಿ, ಫೋಟೋ ಪದರಕ್ಕೆ ಹಿಂತಿರುಗಿ, "ಆ್ಯಡ್ ಲೇಯರ್ ಮಾಸ್ಕ್" ಕೊಟ್ಟು "ಸೆಲೆಕ್ಷನ್" ಆರಿಸಿ. ಅಕ್ಷರದ ಹೊರಗಿನ ಭಾಗ ಮಾಯ. ಪದರದ ಮೋಡ್ "ಓವರ್‌ಲೇ" ಮಾಡಿ, ಒಪ್ಯಾಸಿಟಿ 30ರ ಹತ್ತಿರಕ್ಕೆ ಇಳಿಸಿ. ಎರಿಯ ಕಣ್ಣುಗಳು ಅಕ್ಷರದೊಳಗೆ ತೆಳ್ಳಗೆ ಮೂಡುತ್ತವೆ. ಹಲಸಿನ ಮುಳ್ಳಿನಂತೆ ಉಬ್ಬಿಯೇ ಕಾಣಬೇಕೆಂದರೆ ಫಿಲ್ಟರ್ಸ್ ಮೆನುವಿನಲ್ಲಿ ಬಂಪ್ ಮ್ಯಾಪ್ ಇದೆ. ಅದನ್ನು ಬಣ್ಣದ ಪದರದ ಮೇಲೆ ಪ್ರಯೋಗಿಸಿ, ಬೆಳಕು ಎಡ ಮೇಲಿನಿಂದ ಬರುವಂತೆ ತಿರುಗಿಸಿಕೊಳ್ಳಿ.

5. ಹೊಳಪು: ಮತ್ತೊಮ್ಮೆ ಅಕ್ಷರದಿಂದ ಬೇಲಿ. ಸೆಲೆಕ್ಟ್ ಮೆನುವಿನ "ಶ್ರಿಂಕ್"ನಲ್ಲಿ 4 ಅಥವಾ 5 ಪಿಕ್ಸೆಲ್ ಒಳಗೆ ಸರಿಸಿ. ಬದನೆಯ ಬಿಳಿ ಗೆರೆ ಅಂಚಿಗೆ ತಾಗಿರುವುದಿಲ್ಲ, ಸ್ವಲ್ಪ ಒಳಗಿರುತ್ತದೆ, ಅದಕ್ಕಾಗಿ ಹೀಗೆ. ಈಗ ಎಲಿಪ್ಸ್ ಸೆಲೆಕ್ಟ್ ತೆಗೆದು, ಅದರ ಮೋಡ್ "ಇಂಟರ್‌ಸೆಕ್ಟ್" ಇಟ್ಟು, ಶಬ್ದದ ಮೇಲರ್ಧ ಮಾತ್ರ ಸೇರುವಂತೆ ದೊಡ್ಡ ಅಂಡಾಕಾರ ಎಳೆಯಿರಿ. ಎಲ್ಲಕ್ಕೂ ಮೇಲೆ ಹೊಸ ಖಾಲಿ ಪದರ. ಗ್ರೇಡಿಯೆಂಟನ್ನು ಬಿಳಿಯಿಂದ ಪಾರದರ್ಶಕಕ್ಕೆ ಹೋಗುವಂತೆ ಇಟ್ಟು, ಮೇಲಿನಿಂದ ಕೆಳಕ್ಕೆ ಎಳೆಯಿರಿ. ಒಪ್ಯಾಸಿಟಿ 50ರಿಂದ 60. ಕೂಡಲೇ ಅಕ್ಷರದ ಮೇಲೆ ಜೇನು ಸವರಿದ ಹಾಗೆ ಕಾಣುತ್ತದೆ.

ಇಲ್ಲಿ ಒಂದು ಗುಟ್ಟು. ಹೊಳಪಿನ ಅಂಚು ಚೂಪಾಗಿದ್ದರೆ ಗಾಜು, ಅದನ್ನೇ ಗಾಸಿಯನ್ ಬ್ಲರ್‌ನಿಂದ ಸ್ವಲ್ಪ ಮಸುಕು ಮಾಡಿದರೆ ತುಪ್ಪ, ಇನ್ನೂ ಮಸುಕಾದರೆ ಮೇಣ. ಒಂದೇ ಪದರ, ಸರಕು ಮೂರು ಬಗೆ. ಜೇನಿಗೆ ಎರಡು ಪಿಕ್ಸೆಲ್ ಮಸುಕು ಸಾಕು.

6. ನೆರಳು: ಬೇಲಿ ತೆಗೆಯಿರಿ. ಅಕ್ಷರದ ಪದರಕ್ಕೆ ಬಂದು ಫಿಲ್ಟರ್ಸ್, ಲೈಟ್ ಆ್ಯಂಡ್ ಶ್ಯಾಡೋ, ಡ್ರಾಪ್ ಶ್ಯಾಡೋ. ಬಲಕ್ಕೆ 4, ಕೆಳಕ್ಕೆ 5, ಮಸುಕು 8. ನೆರಳಿನ ಬಣ್ಣ ಪೂರ್ತಿ ಕಪ್ಪು ಬೇಡ, ಗಾಢ ಕಂದು ಇರಲಿ. ತೆಳು ಹಳದಿ ಹಾಳೆಯ ಮೇಲೆ ಕಪ್ಪು ನೆರಳು ಕೊಳೆಯ ಹಾಗೆ ಕಾಣುತ್ತದೆ. ನೆರಳನ್ನು ಕೊನೆಗೇ ಕೊಡಿ. ಮೊದಲೇ ಕೊಟ್ಟರೆ ಬೇಲಿ ಹಾಕುವಾಗ ನೆರಳೂ ಒಳಗೆ ಸೇರಿಬಿಡಬಹುದು.

ಫೋಟೋಶಾಪ್ ಗೊತ್ತಿರುವ ಮಕ್ಕಳು ಮನೆಯಲ್ಲಿದ್ದರೆ ಇದನ್ನೇ ಲೇಯರ್ ಸ್ಟೈಲ್‌ನಲ್ಲಿ ಮಾಡಬಹುದು. ಗ್ರೇಡಿಯೆಂಟ್ ಓವರ್‌ಲೇ, ಪ್ಯಾಟರ್ನ್ ಓವರ್‌ಲೇ, ಬೆವೆಲ್ ಆ್ಯಂಡ್ ಎಂಬಾಸ್, ಡ್ರಾಪ್ ಶ್ಯಾಡೋ: ಹೆಸರು ಬೇರೆ, ಪದರ ಇವೇ. ಅಲ್ಲಿ "ಗ್ಲೋಬಲ್ ಲೈಟ್" ಗುರುತು ಹಾಕಿಟ್ಟರೆ ಎಲ್ಲಕ್ಕೂ ಬೆಳಕು ಒಂದೇ ಕಡೆಯಿಂದ ಬೀಳುತ್ತದೆ.

ಪರದೆಯ ಹೊಳಪು ಕಾಗದಕ್ಕೆ ಇಳಿಯುತ್ತದೆಯೆ?

ಪೂರ್ತಿ ಇಳಿಯುವುದಿಲ್ಲ. ಇದನ್ನು ಮೊದಲೇ ತಿಳಿದಿದ್ದರೆ ಬೇಸರವಾಗುವುದಿಲ್ಲ. ಪರದೆ ತಾನೇ ಬೆಳಕು ಕೊಡುತ್ತದೆ. ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಸೇರಿಸಿ ಬಣ್ಣ ಮಾಡುತ್ತದೆ. ಕಾಗದದ ಮೇಲೆ ಬೀಳುವುದು ನಾಲ್ಕು ಶಾಯಿ: ತಿಳಿ ನೀಲಿ, ಗುಲಾಬಿ ಕೆಂಪು, ಹಳದಿ, ಕಪ್ಪು. ಶಾಯಿ ಬೆಳಕನ್ನು ನುಂಗುತ್ತದೆ. ಆದ್ದರಿಂದ ಪರದೆಯಲ್ಲಿ ಉರಿಯುವ ಕಿತ್ತಳೆ, ಎಳೆ ಹಸಿರು ಕಾಗದದಲ್ಲಿ ಮಂಕಾಗುತ್ತವೆ. ಹೊಳಪಿನ ಅಪ್ಪಟ ಬಿಳಿ ಅಂದರೆ ಅಲ್ಲಿ ಶಾಯಿಯೇ ಇಲ್ಲ, ಕಾಗದದ ಬಿಳಿ. ಕಾಗದ ಹಳದಿಯಾಗಿದ್ದರೆ ಹೊಳಪೂ ಹಳದಿ. ಹಾಗಾಗಿ ತಿಳಿಗೂ ಗಾಢಕ್ಕೂ ಇರುವ ಅಂತರ ಪರದೆಯಲ್ಲಿ ತುಸು ಹೆಚ್ಚೇ ಕಾಣುವಂತಿರಲಿ. ಪ್ರೆಸ್ಸಿನವರಿಂದ ಒಂದು ಮಾದರಿ ಪ್ರತಿ ತೆಗೆಸಿ ನೋಡದೆ ಸಾವಿರ ಹೊಡೆಸಬೇಡಿ.

ಕಾಗದಕ್ಕೆ ಹೊಳೆಯುವ ಲ್ಯಾಮಿನೇಶನ್ ಹಾಕಿಸುವುದಾದರೆ ಚಿತ್ರಿಸಿದ ಹೊಳಪನ್ನು ಕಡಿಮೆ ಮಾಡಿ. ನಿಜವಾದ ಬೆಳಕೂ ಬರೆದ ಬೆಳಕೂ ಒಂದರ ಮೇಲೊಂದು ಬಿದ್ದರೆ ಹೆಸರು ಓದಲಾಗುವುದಿಲ್ಲ. ಅಕ್ಷರಕ್ಕೆ ಮಾತ್ರ ವಾರ್ನಿಷ್ ಹೊಳಪು ಕೊಡುವ ಸ್ಪಾಟ್ ಯುವಿ ಎಂಬ ಕ್ರಮವೂ ಇದೆ. ಅದಕ್ಕೆ ಪ್ರೆಸ್ಸಿನವರು ಅಕ್ಷರದ ಕಪ್ಪು ಆಕೃತಿಯನ್ನು ಬೇರೆ ಕೇಳುತ್ತಾರೆ. ನೀವು ಅಡಗಿಸಿಟ್ಟ ನಕಲು ಪದರಕ್ಕೆ ಕಪ್ಪು ತುಂಬಿದರೆ ಅದೇ ಆಯಿತು. ಆದರೆ ನೂರಿನ್ನೂರು ಲೇಬಲ್ಲಿಗೆ ಇದು ದುಬಾರಿ. ಮನೆಯಲ್ಲೇ ಮುದ್ರಿಸುವವರು ಇಂಕ್‌ಜೆಟ್ ನೆಚ್ಚಿಕೊಳ್ಳಬೇಡಿ. ಜೇನಿನ ಕೈ, ಒದ್ದೆ ಕೈ ತಾಗಿದರೆ ಶಾಯಿ ಕದಡಬಹುದು. ಲೇಸರ್ ಪ್ರಿಂಟ್ ವಾಸಿ.

ಎಲ್ಲಿ ಹೊಳಪು ಬೇಡ

ಮೆರುಗು ಹೆಸರಿಗೆ ಮಾತ್ರ. ಒಂದು ಲೇಬಲ್ಲಿಗೆ ಒಂದೇ ಶಬ್ದ. ನಿವ್ವಳ ತೂಕ, ಬೆಲೆ, ತಯಾರಿಸಿದ ದಿನಾಂಕ, ಎಷ್ಟರೊಳಗೆ ಬಳಸಬೇಕು, ಬ್ಯಾಚ್ ಸಂಖ್ಯೆ, ನಿಮ್ಮ ವಿಳಾಸ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಸಂಖ್ಯೆ, ಇವೆಲ್ಲ ತಿಳಿ ಹಿನ್ನೆಲೆಯಲ್ಲಿ ಬರಿಯ ಕಪ್ಪು ಅಕ್ಷರದಲ್ಲಿರಲಿ. ನೆರಳೂ ಬೇಡ, ಉಬ್ಬೂ ಬೇಡ. ಗಾಢ ಬಣ್ಣದ ಮೇಲೆ ಸಣ್ಣ ಬಿಳಿ ಅಕ್ಷರವೂ ಬೇಡ, ನಾಲ್ಕು ಶಾಯಿ ಕೂದಲೆಳೆಯಷ್ಟು ಆಚೀಚೆ ಆದರೆ ಅಕ್ಷರ ತುಂಬಿಹೋಗುತ್ತದೆ. ಕಾನೂನು ಕೇಳುವುದೂ ಗಿರಾಕಿ ಕೇಳುವುದೂ ಇದನ್ನೇ. ಓದಲು ಬರಬೇಕು.

ಇನ್ನೊಂದು ಮಾತು. ಹೊಳಪು ಸುಳ್ಳು ಹೇಳಬಾರದು. ನಮ್ಮ ಜೇನು ಕೆಲವು ಸಲ ಕಪ್ಪಗಿರುತ್ತದೆ, ಹೂವಿನ ಮೇಲೆ ಹೋಗುತ್ತದೆ ಬಣ್ಣ. ಲೇಬಲ್ಲಿನಲ್ಲಿ ಚಿನ್ನದ ಹನಿ ತೊಟ್ಟಿಕ್ಕುತ್ತಿದ್ದು ಬಾಟ್ಲಿಯೊಳಗೆ ಗಾಢ ಕಂದು ಇದ್ದರೆ ಗಿರಾಕಿಗೆ ಸಂಶಯ ಬರುವುದು ಸಹಜ. ಎಷ್ಟೋ ಜನ ಜೇನಿನ ಬಣ್ಣ ನೋಡಿಯೇ ಕಲಬೆರಕೆ ಅಂತ ತೀರ್ಮಾನ ಮಾಡುತ್ತಾರೆ. ಆ ತಪ್ಪು ತಿಳಿವಳಿಕೆಗೆ ನಮ್ಮ ಲೇಬಲ್ಲೇ ದಾರಿ ಮಾಡಿಕೊಡಬಾರದು. ಬಣ್ಣವನ್ನು ಸರಕಿನಿಂದಲೇ ಆರಿಸಿ ಎಂದು ಮೇಲೆ ಹೇಳಿದ್ದು ಇದಕ್ಕೇ. ಗಾಢ ಕಂದು ಅಕ್ಷರದ ಮೇಲೆ ಒಂದು ತೆಳು ಹೊಳಪು, ಅದು ಚಿನ್ನಕ್ಕಿಂತ ಚಂದ. ಜೊತೆಗೆ ಬಾಟ್ಲಿಗೂ ಲೇಬಲ್ಲಿಗೂ ನೆಂಟಸ್ತನ ಇರುತ್ತದೆ.

ಫೈಲು ನಮ್ಮ ಕೈಯಲ್ಲಿರಲಿ

ಕೆಲಸ ಮುಗಿದ ಮೇಲೆ ಎಕ್ಸ್‌ಸಿಎಫ್ ರೂಪದಲ್ಲಿ ಉಳಿಸಿ. ಇದು ಗಿಂಪಿನ ಮೂಲ ಕಡತ, ಪದರಗಳೆಲ್ಲ ಬಿಡಿಬಿಡಿಯಾಗಿ ಇರುತ್ತವೆ. ಪ್ರೆಸ್ಸಿಗೆ ಕೊಡುವುದು ಟಿಫ್ ಅಥವಾ ಪಿಡಿಎಫ್ ಪ್ರತಿ. ಅವರಲ್ಲಿ ಫಾಂಟ್ ಇಲ್ಲದಿದ್ದರೂ ಚಿಂತೆಯಿಲ್ಲ. ಮೂಲ ಕಡತ ಎರಡು ಪೆನ್‌ಡ್ರೈವಿನಲ್ಲಿರಲಿ, ಫಾಂಟ್ ಕಡತವೂ ಜೊತೆಗಿರಲಿ. ಡಿಸೈನರ್ ಹತ್ತಿರವೇ ಮಾಡಿಸುವವರು ಹಣ ಕೊಡುವ ಮೊದಲೇ ಪದರ ಬಿಡಿಯಿರುವ ಕಡತ ಕೊಡಬೇಕು ಎಂದು ಮಾತಾಡಿಕೊಳ್ಳಿ. ಅರ್ಧ ಕಿಲೋದ ಲೇಬಲ್ಲನ್ನು ಕಾಲು ಕಿಲೋಕ್ಕೆ ಬದಲಿಸುವುದು ಐದು ನಿಮಿಷದ ಕೆಲಸ. ಅದಕ್ಕಾಗಿ ಪೇಟೆಗೆ ಬಸ್ಸು ಹತ್ತಬೇಕಿಲ್ಲ. ಒಮ್ಮೆ ಮಾಡಿದ ಪದರಗಳು ಮುಂದೆಯೂ ಬರುತ್ತವೆ. ಅಕ್ಷರ, ಬಣ್ಣ, ಮೈವಳಿಕೆಯ ಫೋಟೋ ಬದಲಿಸಿ ಬೇಲಿಗಳನ್ನು ಹೊಸದಾಗಿ ಹಾಕಿದರೆ ಪುನರ್ಪುಳಿಗೂ ಆಯಿತು, ಉಪ್ಪಿನಕಾಯಿಗೂ ಆಯಿತು.

ಸಾವಿರ ಹೊಡೆಸುವ ಮೊದಲು ಒಂದು ಪರೀಕ್ಷೆ. ಮಾದರಿ ಲೇಬಲ್ಲನ್ನು ಬಾಟ್ಲಿಗೆ ಸುತ್ತಿ. ಬಾಟ್ಲಿ ಉರುಟು, ಹಾಗಾಗಿ ಉದ್ದ ಶಬ್ದದ ಎರಡೂ ತುದಿ ಹಿಂದಕ್ಕೆ ತಿರುಗಿ ಮರೆಯಾಗುವುದುಂಟು. ಕಪಾಟಿನಲ್ಲಿಟ್ಟು ನಾಲ್ಕು ಹೆಜ್ಜೆ ಹಿಂದೆ ನಿಲ್ಲಿ. ಒಮ್ಮೆ ಹಗಲು ಬೆಳಕಿನಲ್ಲಿ, ಒಮ್ಮೆ ಬಲ್ಬಿನ ಕೆಳಗೆ. ಮನೆಯ ಹಿರಿಯರೊಬ್ಬರನ್ನು ಕನ್ನಡಕ ಇಲ್ಲದೆ ಓದಲು ಹೇಳಿ. ಅವರು "ಚಂದ ಉಂಟು" ಅಂತ ಮೊದಲು ಹೇಳಿದರೆ ಹೊಳಪು ಸ್ವಲ್ಪ ಇಳಿಸಿ. "ಜೇನುತುಪ್ಪ" ಅಂತ ಮೊದಲು ಹೇಳಿದರೆ ಪ್ರೆಸ್ಸಿಗೆ ಕೊಡಿ.